ನಿಧಾನಪ್ಪನ ಇಳಿಜಾರು ಗಾಡಿ

ನಿಧಾನಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದೀಗ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನೂ ತಿರುಗಿ ನೋಡುವುದಿಲ್ಲ, ಪಕ್ಕದಲ್ಲಿ ಇನ್ನಾರೋ ಇದ್ದಾರೆ ಅಂದುಕೊಳ್ಳುತ್ತಾನೆ. ಮೂವತ್ತೈದು ವರ್ಷದಿಂದ ಬ್ರೇಕ್ ಕೆಲಸವೊಂದನ್ನೇ ಮಾಡುತ್ತ ಬಂದವನು. ಎಂಜಿನ್ ಮುಟ್ಟುವುದಿಲ್ಲ, ಗೇರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. "ಓಡಿಸೋಕೆ ಊರ ತುಂಬ ಜನ ಇದ್ದಾರೆ. ನಿಲ್ಸೋಕೆ ಒಬ್ಬನಾದ್ರೂ ಬೇಡ್ವೇನ್ರಿ?" ಎನ್ನುವುದು ಅವನ ಮಾತು. ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ. ಐದನೆಯ ಸಲ ಹೇಳುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ.

ಅವನ ಗ್ಯಾರೇಜು ಎಂದರೆ ಮನೆಯ ಪಕ್ಕದ ಗೋಡೆಗೆ ಒರಗಿಸಿದ ಒಂದು ತಗಡಿನ ಶೆಡ್ಡು, ಅದರ ನಡುವೆ ಕಾರಿನ ಕೆಳಗೆ ಇಳಿದು ಕೆಲಸ ಮಾಡಲು ಒಂದು ಗುಂಡಿ, ಗುಂಡಿಯ ತಲೆಯ ಮೇಲೆ ಅಡುಗೆಮನೆಯ ಕಿಟಕಿ. ಒಳಗೆ ಒಗ್ಗರಣೆ ಹಾಕಿದರೆ ಶೆಡ್ಡಿನಲ್ಲಿ ಕೆಮ್ಮು, ಶೆಡ್ಡಿನಲ್ಲಿ ಸುತ್ತಿಗೆ ಬಿದ್ದರೆ ಒಳಗೆ ಬೈಗುಳ. ಹಿಂದಿನ ಗೋಡೆಯ ಮೇಲೆ ಅವನೇ ಕೈಯಾರೆ "ನಿಧಾನವೇ ಪ್ರಧಾನ" ಎಂದು ಬರೆದಿದ್ದಾನೆ. ಕೊನೆಯ ಅಕ್ಷರ ಬರೆದು ಮುಗಿಸುವ ಹೊತ್ತಿಗೆ ಮೊದಲನೆಯ ಅಕ್ಷರದ ಬಣ್ಣ ಉದುರತೊಡಗಿತ್ತು ಎಂದು ಬೀದಿಯ ಜನ ಆಡಿಕೊಳ್ಳುತ್ತಾರೆ. ಸುಳ್ಳು ಇದ್ದರೂ ಇರಬಹುದು, ಆದರೆ ಯಾರೂ ಅನುಮಾನಪಟ್ಟಿಲ್ಲ.

ಮದುವೆಗೆ ಒಪ್ಪಿಗೆ ಹೇಳಲು ಈ ಮಹಾನುಭಾವ ಹನ್ನೊಂದು ತಿಂಗಳು ತೆಗೆದುಕೊಂಡಿದ್ದ. ಅಷ್ಟರಲ್ಲಿ ಹುಡುಗಿಯ ತಂಗಿ ಮದುವೆಯಾಗಿ, ಬಸುರಿಯೂ ಆಗಿದ್ದಳು. "ಇವರು ಹೂಂ ಅನ್ನೋ ಹೊತ್ತಿಗೆ ನನಗೆ ಬೇಡ ಅನ್ನೋದೇ ಮರೆತುಹೋಗಿತ್ತು" ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಅವನ ಬಾಯಲ್ಲಿ ಹೌದು ಇಲ್ಲ, ಅಲ್ಲ ಇಲ್ಲ, ಇರುವುದು ಒಂದೇ ಮಾತು, "ನೋಡೋಣ." ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮನೆಗೆ ಹೊಸ ಒಲೆ ಬೇಕೇ? ನೋಡೋಣ. ಛಾವಣಿ ಸೋರುತ್ತಿದೆಯೇ? ನೋಡೋಣ. ಸೋರುತ್ತಿರುವುದನ್ನು ಮೂರು ವರ್ಷದಿಂದ ಎಲ್ಲರೂ ಕೂತು ನೋಡುತ್ತಲೇ ಇದ್ದರು.

ಇನ್ನು ಅವನ ಬಲಗಾಲಿನ ವಿಚಾರ. ಯಾರ ಗಾಡಿಯಲ್ಲಿ ಕೂರಿಸಿದರೂ ಆ ಕಾಲು ತನ್ನ ಪಾಡಿಗೆ ತಾನು ನೆಲವನ್ನು ಒತ್ತುತ್ತದೆ. ಮುಂದೆ ಒಂದು ನಾಯಿ ಅಡ್ಡ ಬರಲಿ, ದೂರದಲ್ಲಿ ಕೆಂಪು ದೀಪ ಕಾಣಲಿ, ಇಲ್ಲದ ಪೆಡಲನ್ನು ಧಡ್ ಎಂದು ತುಳಿಯುತ್ತಾನೆ. ಗಾಡಿ ನಿಂತರೆ ತಾನೇ ನಿಲ್ಲಿಸಿದೆ ಎನ್ನುವ ಸಮಾಧಾನ ಮುಖದಲ್ಲಿ. ಬಸ್ಸಿನಲ್ಲಿ ಅವನ ಮುಂದಿನ ಸೀಟಿನವರು ಹಿಂದಿನಿಂದ ಯಾರೋ ಒದೆಯುತ್ತಿದ್ದಾರೆಂದು ಜಗಳ ತೆಗೆದದ್ದೂ ಉಂಟು.

ಇಂಥ ಮನುಷ್ಯನಿಗೆ ಹುಟ್ಟಿದ್ದು ಒಬ್ಬಳೇ ಮಗಳು, ಅವಳಿಗೋ ಹುಟ್ಟಿದಾಗಿನಿಂದ ಓಡಿಸುವ ಹುಚ್ಚು. ಆರು ವರ್ಷಕ್ಕೆ ಗುಂಡಿಯಲ್ಲಿ ಇಳಿದು ಅಪ್ಪನಿಗೆ ಲೈಟು ಹಿಡಿದಳು, ಹತ್ತಕ್ಕೆ ಯಾವ ಸ್ಪ್ಯಾನರ್ ಎಂದು ಕೇಳದೆ ಕೈಗೆ ಕೊಟ್ಟಳು, ಹದಿನೆಂಟಕ್ಕೆ ಕಾರು, ಇಪ್ಪತ್ತಮೂರಕ್ಕೆ ಲಾರಿ. ಈಗ ಇಪ್ಪತ್ತಾರು. ಬೆಟ್ಟದ ದಾರಿಯ ಬಸ್ಸಿಗೆ ಡ್ರೈವರ್ ಆಗಿ ಬಾ ಎಂದು ಕೆಲಸದ ಪತ್ರ ಬಂದು ಎರಡು ತಿಂಗಳಾಗಿತ್ತು. ಪತ್ರ ಗಡಿಯಾರದ ಕೆಳಗೆ ಸಿಕ್ಕಿಸಿತ್ತು. ದಿನಾ ಊಟಕ್ಕೆ ಕೂತಾಗ ಮಗಳು ಆ ಕಡೆ ನೋಡುವಳು, ಅಪ್ಪ ಗಂಟೆ ನೋಡಿದಂತೆ ಮಾಡಿ, "ನೋಡೋಣ" ಎನ್ನುವನು.

"ಹೋಗೇ ನೀನು, ನಾನಿದೀನಿ. ಇವರ ಹೂಂ ಕಾಯ್ತಾ ಕೂತ್ರೆ ನಿನಗೆ ಬಸ್ಸಲ್ಲ, ಕೋಲು ಬೇಕಾಗತ್ತೆ ಓಡಾಡೋಕೆ" ಎಂದು ತಾಯಿ ಹೇಳಿದ್ದಳು.

"ಹೋಗಬಹುದಮ್ಮ. ಆದ್ರೆ ಅಪ್ಪ ಬಾಯ್ಬಿಟ್ಟು ಹೂಂ ಅನ್ಲಿ. ಇಲ್ಲಾಂದ್ರೆ ಪ್ರತಿ ತಿರುವಿನಲ್ಲೂ ಅವನ ಮುಖವೇ ಎದುರಿಗೆ ಬರತ್ತೆ. ಆ ಮುಖ ಇಟ್ಕೊಂಡು ಐವತ್ತು ಜನರನ್ನ ಹೇಗೆ ಇಳಿಸ್ಲಿ?" ಎಂದಿದ್ದಳು ಮಗಳು.

ನಿಧಾನಪ್ಪನಿಗೆ ಭಯವಾಗಿತ್ತು. ಅದು ಇಷ್ಟೇ, ಇದಕ್ಕೆ ಬೇರೆ ಹೆಸರಿಡುವುದು ಬೇಡ. ಮೂವತ್ತೈದು ವರ್ಷ ಸುಟ್ಟುಹೋದ ಬ್ರೇಕ್ ಶೂಗಳನ್ನು ಕೈಯಲ್ಲಿ ಹಿಡಿದು, ಮೂಗಿಗೆ ತಂದು ಮೂಸಿ, ಈ ಗಾಡಿ ಎಲ್ಲಿಂದ ಇಳಿಯಿತು, ಎಷ್ಟರಲ್ಲಿ ಉಳಿಯಿತು ಎಂದು ಹೇಳಬಲ್ಲವನು. ಬೆಟ್ಟದ ದಾರಿಯ ವಾಸನೆ ಅವನಿಗೆ ಗೊತ್ತಿತ್ತು. ಆದರೆ "ನನಗೆ ಹೆದರಿಕೆ ಆಗತ್ತೆ ಮಗಾ" ಎಂದು ಹೇಳಲು ಬಾಯಿ ಎಲ್ಲಿದೆ? ಇದ್ದ ಬಾಯಿಯನ್ನು "ನೋಡೋಣ" ಎಂಬುದೊಂದು ಬಾಡಿಗೆಗೆ ಹಿಡಿದುಬಿಟ್ಟಿತ್ತು.

ಈ ನಡುವೆ ಬೀದಿಯ ವರ್ಕ್‌ಶಾಪಿನವರ ಸಂಘಕ್ಕೆ ಒಂದು ಹುಕಿ ಬಂತು. ಸಂಘವೆಂದರೆ ಅಧ್ಯಕ್ಷ, ಅಧ್ಯಕ್ಷನೆಂದರೆ ಟೈರ್ ಅಂಗಡಿಯ ಯಜಮಾನ. ಹೊಟ್ಟೆ ಮುಂದೆ, ಅವನು ಹಿಂದೆ. ಎಂಜಿನ್ ಇಲ್ಲದ ಗಾಡಿಗಳ ಓಟ ಮಾಡೋಣ ಎಂದ. ಬೀದಿ ತಲೆಯಿಂದ ಬುಡದವರೆಗೆ ಇಳಿಜಾರು. ಒಂದೊಂದು ವರ್ಕ್‌ಶಾಪೂ ಒಂದೊಂದು ಗಾಡಿ ಕಟ್ಟಬೇಕು. ಎಂಜಿನ್ ಇರಕೂಡದು, ಮೋಟಾರ್ ಇರಕೂಡದು, ಹಳೆಯ ಕಾರಿನ ಒಂದಾದರೂ ದೊಡ್ಡ ಭಾಗ ಇರಲೇಬೇಕು. ಒಬ್ಬೊಬ್ಬರಾಗಿ ಇಳಿಯುವುದು, ಎಲ್ಲರಿಗಿಂತ ಕಡಿಮೆ ಸೆಕೆಂಡಿನಲ್ಲಿ ಇಳಿದವರು ಗೆದ್ದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಧಾನಪ್ಪ ಮಾತ್ರ ಎದ್ದು ನಿಂತ.

"ಇಳಿಯೋದಕ್ಕೇನು, ಕುಂಬಳಕಾಯಿ ಉರುಳಿಸಿದ್ರೂ ಇಳಿಯತ್ತೆ. ನಿಲ್ಬೇಕಲ್ಲ? ಗುರಿಯ ಗೆರೆ ಆದ್ಮೇಲೆ ಇಪ್ಪತ್ತು ಹೆಜ್ಜೆಗೆ ಇನ್ನೊಂದು ಬಿಳಿ ಗೆರೆ ಹಾಕಿ. ಅದರೊಳಗೆ ನಿಲ್ಸಿದ್ರೆ ಮಾತ್ರ ಲೆಕ್ಕ. ಮುಂದಿನ ಚಕ್ರ ಒಂದು ಬೆರಳು ದಾಟಿದ್ರೂ ಅವರು ಓಡೇ ಇಲ್ಲ."

ಸಭೆ ಬೇಗ ಮುಗಿಯಲಿ ಎಂದು ಎಲ್ಲರೂ ಒಪ್ಪಿದರು. ಈ ನಿಯಮ ಯಾರ ಕುತ್ತಿಗೆಗೆ ಬರುತ್ತದೆ ಎಂದು ಅವನಿಗೆ ಆಗ ಗೊತ್ತಿದ್ದರೆ ಕೂತೇ ಇರುತ್ತಿದ್ದ.

ಅಂದು ಊಟದ ಹೊತ್ತಿಗೆ ಮಗಳು ಬಟ್ಟಲು ಸರಿಸಿ ಹೇಳಿದಳು. "ಅಪ್ಪಾ, ಗಾಡಿ ನೀನು ಕಟ್ಟು, ನಾನು ಇಳಿಸ್ತೀನಿ. ಮೊದಲನೇದಾಗಿ ಬಂದ್ರೆ ಬಸ್ಸಿನ ಕೆಲಸಕ್ಕೆ ಹೂಂ ಅನ್ಬೇಕು. ಬರ್ಲಿಲ್ಲ ಅಂದ್ರೆ ಆ ಪತ್ರ ನಾನೇ ಹರಿದು ಹಾಕ್ತೀನಿ, ಮತ್ತೆ ಮಾತೆತ್ತಲ್ಲ. ಓಟ ಭಾನುವಾರ. ಕೆಲಸಕ್ಕೆ ಸೇರೋಕೆ ಸೋಮವಾರವೇ ಕೊನೆ ದಿನ."

"ನೋಡೋ..." ಎಂದ ನಿಧಾನಪ್ಪ.

"ರೀ!" ಎಂದಳು ಹೆಂಡತಿ, ಸೌಟು ಕೈಯಲ್ಲೇ ಇತ್ತು.

"ಸರಿ" ಎಂದ.

ಗುಂಡಿಯ ಮೂಲೆಯಲ್ಲಿ ಒಂದು ಸಣ್ಣ ಕಾರಿನ ಹಿಂದಿನ ಆಕ್ಸಲ್ ಎರಡು ಚಕ್ರಗಳ ಸಮೇತ ಬಿದ್ದಿತ್ತು. ಕಾರು ಎಂದೋ ಗುಜರಿಗೆ ಹೋಗಿತ್ತು. ಎರಡು ಕಡೆಯ ಬ್ರೇಕ್ ಡ್ರಮ್ಮುಗಳು ಚೆನ್ನಾಗಿವೆ ಎಂಬ ಒಂದೇ ಕಾರಣಕ್ಕೆ ಒಂಬತ್ತು ವರ್ಷದಿಂದ ಅದನ್ನು ಎಡವಿಕೊಂಡು ಓಡಾಡುತ್ತಿದ್ದ. ಈಗ ಅದನ್ನು ಎತ್ತಿ ಒರೆಸಿದ. ಮೊದಲು ಆಕ್ಸಲ್, ಅದರಿಂದ ಮುಂದಕ್ಕೆ ಎರಡು ಕಬ್ಬಿಣದ ಕೊಳವೆ, ಮುಂದೆ ಕೈಗಾಡಿಯ ಎರಡು ಚಕ್ರ, ತಿರುಗಿಸಲು ಹಳೆಯ ಸ್ಟೀರಿಂಗ್. ಬೆಸುಗೆ ಹಾಕಲು ಎದುರು ಮನೆಯ ವೆಲ್ಡರ್ ಬಂದ. ಬೀದಿಯ ಅರ್ಧ ಗಾಡಿಗಳಿಗೆ ಅವನೇ ಬೆಸುಗೆ ಹಾಕುತ್ತಿದ್ದ, ಆದ್ದರಿಂದ ಎಲ್ಲರಿಗೂ ಅವನ ಮೇಲೆ ಸಮಾನವಾದ ಅಪನಂಬಿಕೆ ಇತ್ತು, ಓಟದ ದಿನ ಸೆಕೆಂಡು ಎಣಿಸುವ ಕೆಲಸವನ್ನೂ ಅದಕ್ಕೇ ಅವನಿಗೆ ವಹಿಸಿದ್ದರು. ಕೂರಲು ಸೀಟು ಬೇಕಾಯಿತು. ಹಿತ್ತಲಲ್ಲಿ ಹೆಂಡತಿ ತರಕಾರಿ ಹೆಚ್ಚಲು ಕೂರುವ ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರ ನಾಲ್ಕೂ ಕಾಲು ಕತ್ತರಿಸಿ ಬೋಲ್ಟ್ ಹಾಕಿದ. ಹೆಂಡತಿ ಮೂರು ದಿನ ಕುರ್ಚಿ ಹುಡುಕಿದಳು, ನಾಲ್ಕನೆಯ ದಿನ ಶೆಡ್ಡಿಗೆ ಬಂದು ನೋಡಿದಳು. ಆಮೇಲೆ ಅವಳು ಆಡಿದ್ದನ್ನು ಬರೆಯುವಂತಿಲ್ಲ.

ಕಟ್ಟುವಾಗ ನಿಧಾನಪ್ಪನ ಕೈ ಮಾತ್ರ ಸುಳ್ಳು ಹೇಳಲಿಲ್ಲ. ಅದಕ್ಕೆ ಬರುವುದೇ ಇಲ್ಲ. ಬೇರೆಯವರು ಗಾಡಿಗೆ ಬಣ್ಣ ಬಳಿಯುತ್ತಿದ್ದರೆ ಇವನು ಡ್ರಮ್ಮಿನ ಒಳಗನ್ನು ಕನ್ನಡಿಯಂತೆ ಉಜ್ಜುತ್ತಿದ್ದ. ಯಾರೂ ಕಾಣದ ಜಾಗ, ಕಂಡರೂ ಅರ್ಥವಾಗದ ಜಾಗ. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯಲು ಹೊಸ ಶೂ, ಹೊಸ ಸ್ಪ್ರಿಂಗು, ಪೈಪಿನಲ್ಲಿ ಗಾಳಿಯ ಒಂದು ಗುಳ್ಳೆಯೂ ಇಲ್ಲದಂತೆ ಬ್ರೇಕ್ ಆಯಿಲ್. ಪೆಡಲ್ ಅರ್ಧ ಒತ್ತುವಷ್ಟರಲ್ಲಿ ಎರಡೂ ಚಕ್ರ ಗಕ್ಕನೆ ನಿಂತವು. ಕಾಲು ತೆಗೆದರೆ ಬೆರಳಲ್ಲಿ ತಳ್ಳಿದರೂ ಸದ್ದಿಲ್ಲದೆ ತಿರುಗಿದವು. ಇದಕ್ಕಿಂತ ಚೆನ್ನಾಗಿ ಉರುಳುವ ಗಾಡಿ ಆ ಬೀದಿಯಲ್ಲಿ ಇರಲಿಲ್ಲ.

ಅದು ಅರ್ಥವಾದದ್ದು ಶನಿವಾರ ಸಂಜೆ. ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟ. ಅದು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ನಿಧಾನಪ್ಪ ಎದ್ದು ನಿಂತ. ಅಯ್ಯೋ ದಡ್ಡ! ಇವಳು ಗೆದ್ದೇ ಗೆಲ್ಲುತ್ತಾಳಲ್ಲ!

ಡ್ರಮ್ಮಿನ ಹಿಂದೆ ಒಂದು ಸಣ್ಣ ಕಿಂಡಿ ಇರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ತೂರಿಸಿದರೆ ಒಂದು ಪುಟ್ಟ ಹಲ್ಲುಗಾಲಿ ಸಿಗುತ್ತದೆ. ಒಂದೊಂದು ಹಲ್ಲು ಮೇಲಕ್ಕೆ ಮೀಟಿದಂತೆ ಟಕ್ ಎಂದು ಶೂ ಡ್ರಮ್ಮಿಗೆ ಹತ್ತಿರವಾಗುತ್ತದೆ, ಕೆಳಕ್ಕೆ ಮೀಟಿದರೆ ದೂರವಾಗುತ್ತದೆ. ಮೂರು ಹಲ್ಲು ಬಿಗಿ ಮಾಡಿದರೆ ಶೂ ಸದಾ ಸ್ವಲ್ಪ ಉಜ್ಜುತ್ತಿರುತ್ತದೆ. ಗಾಡಿ ಕೆಡುವುದಿಲ್ಲ, ಮಗಳಿಗೆ ಪೆಟ್ಟಾಗುವುದಿಲ್ಲ, ಓಡುವುದು ಮಾತ್ರ ಎಮ್ಮೆಯ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಧಾನಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ಎಡಗಡೆ ಟಕ್, ಟಕ್, ಟಕ್ ಎನಿಸಿದ. ಒಂದು ಕಡೆ ಮಾತ್ರ ಬಿಗಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ, ಅದು ಕೆಲಸಗಾರನಿಗೆ ಅವಮಾನ. ಮೋಸ ಮಾಡಿದರೂ ಸಮವಾಗಿ ಮಾಡಬೇಕು. ಸುತ್ತಿ ಬಂದು ಬಲಗಡೆಯೂ ಟಕ್, ಟಕ್, ಟಕ್ ಎನಿಸಿದ.

ಬಾಗಿಲ ಕಡೆ ನೋಡಿದ ಜಾಣ ತಲೆಯ ಮೇಲಿನ ಅಡುಗೆಮನೆ ಕಿಟಕಿಯ ಕಡೆ ನೋಡಲಿಲ್ಲ.

ಅಂದು ರಾತ್ರಿಯ ಊಟ ನಿಧಾನಪ್ಪನಿಗೆ ರುಚಿಸಲಿಲ್ಲ. ವೆಲ್ಡರ್ ಬಂದು ಬಾಗಿಲಲ್ಲಿ ನಿಂತು, "ಏನಮ್ಮ, ಹೆದರಿಕೆ ಇಲ್ವಾ ನಾಳೆ?" ಎಂದು ಮಗಳನ್ನು ಕೇಳಿದ.

"ಬ್ರೇಕ್ ಅಪ್ಪಂದು. ಕಣ್ಮುಚ್ಚಿ ಕೂರ್ತೀನಿ" ಎಂದಳು ಅವಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿಧಾನಪ್ಪ ಜೇಬಿನ ಸ್ಕ್ರೂಡ್ರೈವರನ್ನು ಮುಟ್ಟಿ ನೋಡಿಕೊಂಡ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಶೆಡ್ಡಿಗೆ ಹೋದ. ಜಾಕಿ ಕೊಟ್ಟು ಚಕ್ರ ಎತ್ತಿ ತಿರುಗಿಸಿದ. ಸರ್ರ್... ಎಂದು ಉಜ್ಜಿ ಅರ್ಧ ಸುತ್ತಿಗೇ ನಿಂತಿತು. ಮೂವತ್ತೈದು ವರ್ಷದಲ್ಲಿ ಯಾವ ಗಿರಾಕಿಗೂ ಅವನು ಉಜ್ಜುವ ಚಕ್ರ ಕೊಟ್ಟು ಕಳಿಸಿರಲಿಲ್ಲ. ಅವನನ್ನು ಬೈದವರಿಗೂ ಕೊಟ್ಟಿರಲಿಲ್ಲ, ಟೈರ್ ಅಂಗಡಿಯವನಿಗೂ ಕೊಟ್ಟಿರಲಿಲ್ಲ. ಕೊಟ್ಟದ್ದು ಹೆತ್ತ ಮಗಳಿಗೆ! ಊರಿಗೆ ಉಪಕಾರಿ, ಮನೆಗೆ ಮಾರಿ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಬಚ್ಚಲಲ್ಲಿ ಮಗಳು ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಅಷ್ಟರೊಳಗೆ ಎಡಗಡೆ ಮೂರು, ಬಲಗಡೆ ಮೂರು ಹಲ್ಲು ಸಡಿಲಿಸಿ, ಇದ್ದಂತೆಯೇ ಮಾಡಿದ. ಚಕ್ರ ಮತ್ತೆ ಸದ್ದಿಲ್ಲದೆ ತಿರುಗಿತು. ಹೋಗ್ತಾಳೆ ಅಂದ್ರೆ ಹೋಗ್ಲಿ ಎಂದುಕೊಂಡ. ಅಂದುಕೊಳ್ಳಲು ಸುಲಭ, ಹೇಳಬೇಕಲ್ಲ! ಹೇಳಲಿಲ್ಲ. ಗೆದ್ದ ಮೇಲೆ ಹೂಂ ಎಂದರಾಯಿತು, ನೋಡೋಣ.

ಬೀದಿಯ ತಲೆಯಲ್ಲಿ ಏಳು ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲು ಇಳಿದವನು ಅಧ್ಯಕ್ಷ. ಅವನ ಗಾಡಿ ಕಾರಿನ ಬಾನೆಟ್ಟನ್ನು ಬೋರಲು ಹಾಕಿ ಮಾಡಿದ್ದು, ಮೈಯೆಲ್ಲ ಕೆಂಪು ಬಣ್ಣ, ಬ್ರೇಕ್ ಎಂಬ ವಸ್ತು ಇಲ್ಲವೇ ಇಲ್ಲ. "ಕಾಲಿದೆಯಲ್ಲ!" ಎಂದಿದ್ದ. ನಲವತ್ತೊಂದು ಸೆಕೆಂಡಿನಲ್ಲಿ ಕೆಳಗಿಳಿದು, ಎರಡೂ ಚಪ್ಪಲಿ ನೆಲಕ್ಕೆ ಒತ್ತಿ, ಚಪ್ಪಲಿ ಹರಿದು, ಗಾಡಿ ವಾಲಿ, ಬಿಳಿ ಗೆರೆಗೆ ಎರಡು ಮಾರು ಇರುವಾಗ ಹೊಟ್ಟೆಯ ಮೇಲೆ ಬಿದ್ದು ನಿಂತ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎದ್ದವನೇ ಗೆರೆಯ ಪಕ್ಕ ನಿಂತು, ಬರುವವರೆಲ್ಲ ಗೆರೆ ದಾಟುತ್ತಾರೋ ಇಲ್ಲವೋ ನೋಡುವ ಕೆಲಸವನ್ನು ತಾನೇ ವಹಿಸಿಕೊಂಡ. ಆಮೇಲೆ ಬಂದ ಐದು ಗಾಡಿಗಳಲ್ಲಿ ಮೂರು ಗೆರೆ ದಾಟಿ ಹಳೆಯ ಟೈರುಗಳ ರಾಶಿಗೆ ಗುದ್ದಿದವು, ಒಂದರ ಚಕ್ರ ಅರ್ಧದಲ್ಲೇ ಕಳಚಿ ಗಾಡಿಗಿಂತ ಮೊದಲು ಗುರಿ ಮುಟ್ಟಿತು, ಇನ್ನೊಂದು ಐವತ್ತು ಸೆಕೆಂಡು ತೆಗೆದುಕೊಂಡಿತು.

ಕೊನೆಯ ಸರದಿ ಇವರದ್ದು. ಮಗಳು ಹೆಲ್ಮೆಟ್ ಹಾಕಿ ಕಾಲಿಲ್ಲದ ಕುರ್ಚಿಯಲ್ಲಿ ಕೂತಳು. ಹೊರಡುವ ಮುನ್ನ ಪೆಡಲ್ ಒತ್ತಿ ನೋಡು ಎಂದು ಯಾರಿಗಾದರೂ ಹೇಳುವವನು ನಿಧಾನಪ್ಪನೇ. ಶವಕ್ಕೆ ಹೆಗಲು ಕೊಟ್ಟಾಗಲೂ ಹೇಳಿಯಾನು. ಆದರೆ ನಿನ್ನೆಯ ಕಳ್ಳತನದಿಂದ ಮಗಳ ಮುಖ ನೋಡಲು ಇನ್ನೂ ಆಗುತ್ತಿರಲಿಲ್ಲ, ಆ ಮಾತು ಬಾಯಿಗೆ ಬರಲಿಲ್ಲ. ಬಗ್ಗಿ ಚಕ್ರದ ಕೆಳಗಿನ ಮರದ ತುಂಡು ಎಳೆದ. ಗಾಡಿ ಮೆಲ್ಲಗೆ ಅಲುಗಿತು.

ಮಗಳು ಕತ್ತು ತಿರುಗಿಸಿ ನಕ್ಕಳು. "ಅಪ್ಪಾ, ನಿನ್ನೆ ಸಂಜೆ ಬಿಗಿ ಮಾಡಿದ್ಯಲ್ಲ ಮೂರ್ಮೂರು ಹಲ್ಲು, ಅಡುಗೆಮನೆಯಿಂದ ಎಲ್ಲ ಕೇಳಿಸ್ತು. ಈಗ ತಾನೇ, ನೀನು ಬೇರೆ ಗಾಡಿ ನೋಡ್ತಿದ್ದಾಗ, ಗಡಿಬಿಡೀಲಿ ನಾನು ಬಿಚ್ಚಿದೀನಿ. ಬೇಜಾರು ಮಾಡ್ಕೋಬೇಡ!"

ಗಾಡಿ ಹೊರಟೇಹೋಯಿತು.

ನಿಧಾನಪ್ಪ ಒಂದು ಕ್ಷಣ ಬಗ್ಗಿದವನು ಬಗ್ಗಿಯೇ ಇದ್ದ. ಅವನು ಬೆಳಿಗ್ಗೆ ಮೂರು ಬಿಚ್ಚಿದ್ದ. ಅವಳು ಅದರ ಮೇಲೆ ಇನ್ನೂ ಮೂರು ಬಿಚ್ಚಿದ್ದಳು. ಅಂದರೆ ಶೂ ಈಗ ಡ್ರಮ್ಮಿನಿಂದ ಎಷ್ಟೋ ದೂರ; ಪೆಡಲ್ ತುಳಿದರೆ ನೆಲ ಮುಟ್ಟುತ್ತದೆಯೇ ಹೊರತು ಚಕ್ರಕ್ಕೆ ಸುದ್ದಿಯೇ ಹೋಗುವುದಿಲ್ಲ. ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ತುಳಿದರೆ ಎಣ್ಣೆ ತುಂಬಿಕೊಂಡು ಹಿಡಿಯಬಹುದು. ಅವಳಿಗೆ ಹೊಳೆಯುತ್ತದೆಯೇ? ಹೊಳೆಯಲು ಇರುವುದೆಷ್ಟು ಹೊತ್ತು?

ಐವತ್ತೆಂಟು ವರ್ಷ ಬಸ್ಸಿಗೂ ಓಡದ ಮನುಷ್ಯ ಓಡಿದ. ಒಂದು ಚಪ್ಪಲಿ ವೆಲ್ಡರನ ಕಾಲ ಬಳಿ, ಇನ್ನೊಂದು ಚರಂಡಿಯಲ್ಲಿ. "ತುಳೀ! ಬಿಟ್ಟು ಬಿಟ್ಟು ತುಳೀ! ತುಳೀತಾನೇ ಇರು ಮಗಾ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಎರಡೂ ಬದಿಯ ಜನ ಅವನು ಮಗಳಿಗೆ ಹುರುಪು ಕೊಡುತ್ತಿದ್ದಾನೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. "ನಿಧಾನಪ್ಪ ಓಡ್ತಿದಾನೆ ನೋಡ್ರೋ!" ಎಂದು ಯಾರೋ ಕಿರುಚಿದರು. ಗಾಡಿಗಿಂತ ಹೆಚ್ಚು ಜನ ಅವನನ್ನೇ ನೋಡಿದರು.

ಗಾಡಿ ಗುರಿಯ ಗೆರೆ ದಾಟಿತು. ದೂರದಿಂದ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು. ಪೆಡಲ್ ತುಳಿದ ರಭಸಕ್ಕೆ ಬಲಭುಜ ಒಮ್ಮೆ ಕುಸಿಯಿತು, ಗಾಡಿ ನಿಲ್ಲಲಿಲ್ಲ. ಭುಜ ಮತ್ತೆ ಎದ್ದು ಕುಸಿಯಿತು. ಮತ್ತೆ. ಮತ್ತೆ. ನಾಲ್ಕನೆಯದಕ್ಕೆ ಗಾಡಿ ಮೂಗು ತಗ್ಗಿಸಿತು, ಎರಡೂ ಚಕ್ರ ಸಮವಾಗಿ ಕಚ್ಚಿಕೊಂಡವು, ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ಗಾಡಿ ನೆಟ್ಟಗೆ ನಿಂತಿತು. ಟೈರ್ ರಾಶಿ ಇನ್ನೂ ಹತ್ತು ಹೆಜ್ಜೆ ದೂರವಿತ್ತು.

ಬಿಳಿ ಗೆರೆ ಮಾತ್ರ ಮುಂದಿನ ಚಕ್ರದ ಹಿಂದೆ ಇತ್ತು. ಒಂದು ಗೇಣು.

"ಮೂವತ್ತೇಳು ಸೆಕೆಂಡು!" ಎಂದು ವೆಲ್ಡರ್ ಮೇಲಿನಿಂದ ಕೂಗಿದ.

"ಐವತ್ತು ಆದ್ರೂ ಅಷ್ಟೇ, ಹತ್ತು ಆದ್ರೂ ಅಷ್ಟೇ!" ಅಧ್ಯಕ್ಷ ನೆಲಕ್ಕೆ ಬಗ್ಗಿ ಗೇಣು ಹಾಕಿ ಅಳೆಯುತ್ತಿದ್ದ. ಹೊಟ್ಟೆ ಬಗ್ಗಲು ಬಿಡದಿದ್ದರೂ ಸಂತೋಷ ಬಗ್ಗಿಸಿತ್ತು. "ದಾಟಿದೆ! ಬೆರಳು ದಾಟಿದ್ರೂ ಓಡೇ ಇಲ್ಲ ಅಂತ ಯಾರು ಹೇಳಿದ್ದು? ಇವರಪ್ಪನೇ ಅಲ್ವಾ?" ಊರಿನ ಅತ್ಯುತ್ತಮ ಬ್ರೇಕ್ ಗೆರೆ ದಾಟಿತ್ತು, ಗೆದ್ದದ್ದು ಒಂದು ಜೊತೆ ಚಪ್ಪಲಿ.

ನಿಧಾನಪ್ಪ ಬರಿಗಾಲಲ್ಲಿ ಬಂದು ಗಾಡಿಯನ್ನು ಹಿಡಿದುಕೊಂಡ. ಉಸಿರು ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ಮಗಳು ಹೆಲ್ಮೆಟ್ ತೆಗೆದಳು. ಮುಖ ಬಿಳುಪಾಗಿತ್ತು.

"ಮೊದಲ್ನೇ ಸಲ ಪೆಡಲ್ ನೆಲಕ್ಕೇ ಹೋಯ್ತಲ್ಲಪ್ಪ! ಹೇಗೆ? ನೀನು ಬಿಗಿದಷ್ಟೇ ತಾನೇ ನಾನು ಬಿಚ್ಚಿದ್ದು?"

"ನಾನು... ಬೆಳಿಗ್ಗೆನೇ... ಬಿಚ್ಚಿದ್ದೆ."

ಅಷ್ಟರಲ್ಲಿ ಹೆಂಡತಿಯೂ ಬಂದಿದ್ದಳು. "ಯಾರು, ನೀವಾ?" ಎಂದಳು. "ಬಿಚ್ಚಿದ್ರಂತೆ! ಮೂವತ್ತು ವರ್ಷದಿಂದ ನೋಡ್ತಿದೀನಿ, ಉಪ್ಪಿನ ಡಬ್ಬಿ ಮುಚ್ಚಳಾನೂ ಸಡಿಲ ಬಿಟ್ಟವರಲ್ಲ."

"ಹೋಗಪ್ಪ" ಎಂದಳು ಮಗಳೂ. ನಗಲು ನೋಡಿದಳು, ಆಗಲಿಲ್ಲ. "ನಿನ್ನ ಬ್ರೇಕ್ ನಂಬ್ತೀನಿ ಅಪ್ಪ. ಇದನ್ನ ಹೇಗೆ ನಂಬ್ಲಿ?"

ಅವನಿಗೆ ಆದ ನೋವು ಅಷ್ಟಿಷ್ಟಲ್ಲ. ಜೀವನದಲ್ಲಿ ಒಂದೇ ಒಂದು ಸಲ ತಾನಾಗಿ ಸಡಿಲ ಬಿಟ್ಟಿದ್ದ, ಅದನ್ನೂ ಮನೆಯವರೇ ನಂಬುತ್ತಿಲ್ಲ. ತಪ್ಪು ಅವರದ್ದಲ್ಲ ಎನ್ನುವುದೂ ಗೊತ್ತಿತ್ತು. ಸತ್ಯ ಹೇಳಿ ಅಭ್ಯಾಸವಿಲ್ಲದ ಬಾಯಿ, ಹೇಳಿದರೆ ಸುಳ್ಳಿನಂತೆಯೇ ಕೇಳಿಸುತ್ತದೆ. ಜೇಬಿಗೆ ಕೈ ಹಾಕಿ ಸ್ಕ್ರೂಡ್ರೈವರ್ ತೆಗೆದು ಮಗಳ ಕೈಗೆ ಕೊಟ್ಟ.

"ನಾನು ಬಿಚ್ಚದೆ ಇದ್ದಿದ್ರೆ ನಿನ್ನ ಮೂರಕ್ಕೆ ಎಲ್ಲ ಸರಿಹೋಗಿರ್ಬೇಕು. ಈಗ ಒಂದು ಹಲ್ಲು ಬಿಗಿದ್ರೂ ಉಜ್ಜಬೇಕು. ನೀನೇ ಎಣಿಸು."

ವೆಲ್ಡರ್ ಇಳಿದು ಬಂದು ಗಾಡಿಯ ಹಿಂಭಾಗ ಎತ್ತಿ ಹಿಡಿದ. ಮಗಳು ರಸ್ತೆಯ ಮೇಲೆ ಅಂಗಾತ ಮಲಗಿ ಕಿಂಡಿಗೆ ಸ್ಕ್ರೂಡ್ರೈವರ್ ತೂರಿಸಿದಳು. ಟಕ್. "ಒಂದು" ಎಂದಳು. ಚಕ್ರ ತಿರುಗಿಸಿದಳು, ಸದ್ದಿಲ್ಲ. ಟಕ್. "ಎರಡು." ಸದ್ದಿಲ್ಲ. ಮೂರನೆಯದನ್ನು ಅವಳು ಎಣಿಸಿದ್ದು ಯಾರಿಗೂ ಕೇಳಿಸಲಿಲ್ಲ. ನಾಲ್ಕನೆಯ ಹಲ್ಲಿಗೆ ಚಕ್ರ ಸರ್ರ್ ಎಂದಿತು. ಎದ್ದು ಬಲಗಡೆ ಹೋಗಿ ಮಲಗಿದಳು. ಅಲ್ಲಿಯೂ ಅಷ್ಟೇ. ಅಪ್ಪನ ಕೆಲಸ, ಎರಡೂ ಕಡೆ ಸಮ.

ಅವಳು ಬಹಳ ಹೊತ್ತು ಗಾಡಿಯ ಕೆಳಗಿನಿಂದ ಬರಲಿಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು, ಕೆನ್ನೆಯ ಮೇಲೆ ಗ್ರೀಸು.

"ಹೇಳ್ಬಾರ್ದಾಗಿತ್ತಾ?"

"ಹೇಳ್ಬೇಕಾಗಿತ್ತು" ಎಂದ ನಿಧಾನಪ್ಪ. "ನಿನ್ನೆ ಬಿಗಿದಿದ್ದೂ ತಪ್ಪು. ಹೆದರಿಕೆ ಆಯ್ತು ಮಗಾ. ನಂಗೆ ಈಗ್ಲೂ ಹೆದರಿಕೆನೇ."

ಅವನ ಬಾಯಿಂದ ಅಂಥ ಮಾತು ಬಂದದ್ದನ್ನು ಹೆಂಡತಿಯೂ ಮೊದಲ ಸಲ ಕೇಳಿದ್ದು.

ಮಗಳು ಸ್ಕ್ರೂಡ್ರೈವರ್ ಒರೆಸಿ ವಾಪಸು ಕೊಟ್ಟಳು. "ಹೋಗ್ಲಿ ಬಿಡಪ್ಪ. ನಿನ್ನನ್ನ ನಂಬದೆ ಬಿಚ್ಚಿದೆ, ಗೆರೆ ದಾಟ್ತು. ಸೋತೆ. ಮಾತು ಅಂದ್ರೆ ಮಾತು, ಪತ್ರ ಹರಿದು ಹಾಕ್ತೀನಿ."

ನೋಡಿ, ಎಂಥ ಕಾಲ! ಎರಡು ತಿಂಗಳಿಂದ ಬೇಕಾಗಿದ್ದ ನೆಪ ತಾನಾಗಿ ನಡೆದು ಬಂದು ಕೈಯಲ್ಲಿ ಕೂತಿತ್ತು. ಬಾಯಿ ಬಿಡಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕು, ಸುಮ್ಮನಿರುವುದರಲ್ಲಿ ಅವನನ್ನು ಬಿಟ್ಟರೆ ಯಾರು? ಅವನು ಗಾಡಿಯ ಪೆಡಲನ್ನು ನೋಡಿದ, ಗೆರೆ ನೋಡಿದ, ತನ್ನ ಬರಿಗಾಲು ನೋಡಿದ. ನೆಲಕ್ಕೆ ಹೋಗುವ ಪೆಡಲ್ ಇಟ್ಟುಕೊಂಡು, ಯಾರೂ ಹೇಳದೆ ನಾಲ್ಕು ಸಲ ತುಳಿದು ನಿಲ್ಲಿಸಿದ್ದಳು. ಇವನು ಕೂಗಿದ್ದು ಅವಳಿಗೆ ಕೇಳಿಸಿಯೂ ಇರಲಿಲ್ಲ.

"ಸೋಮವಾರ ಎಷ್ಟು ಗಂಟೆಗೆ ಅಲ್ಲಿರ್ಬೇಕು?" ಎಂದು ಕೇಳಿದ.

"ಅಪ್ಪಾ, ನಾನು ಸೋತಿದೀನಿ."

"ಓಟ ಟೈರ್ ಅಂಗಡಿಯವನದ್ದು. ಹೂಂ ನನ್ನದು. ಹೂಂ, ಹೋಗು."

ಆಮೇಲೆ ಏಳು ವಾರ ತರಬೇತಿ. ಮಗಳು ಒಬ್ಬಳೇ ಬಸ್ಸು ಇಳಿಸುವ ಮೊದಲ ದಿನ ನಿಧಾನಪ್ಪ ಗಡ್ಡ ಹೆರೆದು, ಹೊಸ ಚಪ್ಪಲಿ ಹಾಕಿಕೊಂಡು ಬೆಟ್ಟದ ಮೇಲಿನ ನಿಲ್ದಾಣಕ್ಕೆ ಹೋದ. ಬಸ್ಸಿನ ಒಂದೊಂದು ಚಕ್ರಕ್ಕೂ ಬಗ್ಗಿ ನೋಡಿ, ಮೂಸಿ, ಎದ್ದು, ಮುಂದಿನ ಸೀಟಿನಲ್ಲಿ ಕೂತ. ಬಸ್ಸು ಹೊರಟಿತು. ಮೊದಲನೆಯ ತಿರುವು ಕಾಣಿಸುತ್ತಲೇ ಬಲಗಾಲು ತನ್ನ ಪಾಡಿಗೆ ಎದ್ದಿತು. ನಿಧಾನಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ ಸೀಟಿನ ಮೇಲೆ ಇಟ್ಟುಕೊಂಡು, ಇನ್ನೊಂದನ್ನೂ ಮಡಚಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಯಜಮಾನ್ರೇ, ಕಾಲು ಕೆಳಗೆ ಬಿಟ್ಟು ಕೂತ್ಕೊಳ್ಳಿ" ಎಂದ ಕಂಡಕ್ಟರ್.

"ಕೆಳಗೆ ಬಿಟ್ರೆ ಸುಮ್ನಿರಲ್ಲಪ್ಪ ಇದು. ಇಲ್ಲೇ ಇರ್ಲಿ ಬಿಡು."

ಮಗಳು ಕನ್ನಡಿಯಲ್ಲಿ ಒಮ್ಮೆ ನೋಡಿ ಸ್ಟೀರಿಂಗ್ ತಿರುಗಿಸಿದಳು. ಅವನು ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದ, ಬಸ್ಸು ತಿರುವು ಇಳಿಯಿತು.